ಶಿವರಾತ್ರಿಯಿಂದ ಯುಗಾದಿಗೆ: ತೋಟದಲ್ಲಿ ತಡೆದು ಮಾಡಬೇಕಾದ ಕೆಲಸಗಳು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಚಳಿ ಹೋದ ಮರುದಿನವೇ ಕೆಲಸಗಳೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ರೊಬಸ್ಟದ ಕಡೆಯ ಕೊಯ್ಲು ಕಣದಲ್ಲಿರುತ್ತದೆ, ಮೆಣಸು ಹಣ್ಣಾಗಿ ಬಳ್ಳಿಯಲ್ಲೇ ಉದುರುತ್ತಿರುತ್ತದೆ, ಅಡಿಕೆ ತೋಟಕ್ಕೆ ನೀರು ಬಿಡಬೇಕು, ಕಾಫಿಗೆ ಹೂವಿನ ನೀರು ಕೊಡಬೇಕು, ಸೌದೆಯಾಗಬೇಕು, ಗೊಬ್ಬರ ಸಾಗಿಸಬೇಕು. ಆಳುಗಳು ಸಿಕ್ಕಿದ ದಿನ ಸಿಕ್ಕಿದ ಕೆಲಸ ಮಾಡಿಸುವುದು ನಮ್ಮಂಥ ಸಣ್ಣ ಬೆಳೆಗಾರರ ಪಾಡು.

ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಕೊಪ್ಪ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ರೊಬಸ್ಟ, ಒಂದು ಎಕರೆ ಅರೇಬಿಕ, 800 ಮರಗಳ ಅಡಿಕೆ ತೋಟ, ಮೇಲುಗಡೆ ಸೊಪ್ಪಿನಬೆಟ್ಟ, ಅದರಾಚೆಗೆ ಕಾಡು. ಇಷ್ಟು ನಮ್ಮ ಸಂಸಾರ. ಮಕ್ಕಳು ಹೊರಗಿದ್ದಾರೆ. ಇಷ್ಟು ವರ್ಷಗಳಲ್ಲಿ ಈ ಋತುವಿನ ಕೆಲಸಗಳನ್ನು ನಾವು ಸರಿಯಾಗಿ ಮಾಡಿದ್ದಕ್ಕಿಂತ ತಪ್ಪಾದ ಹೊತ್ತಿನಲ್ಲಿ ಮಾಡಿ ಕಲಿತದ್ದೇ ಹೆಚ್ಚು. ನಮಗೆ ಕೆಲಸದ ಕಾಲವಾದ ಈ ಒಂದು ತಿಂಗಳು ತೋಟದ ಪ್ರಾಣಿಪಕ್ಷಿಗಳಿಗೂ ಬಹು ಮುಖ್ಯವಾದ ಕಾಲ. ಅವುಗಳಿಗೆ ಕುಡಿಯಲು ನೀರು ಬೇಕು, ಗೂಡಿಗೆ ಮರ ಬೇಕು, ಜೇನಿಗೆ ಹೂ ಬೇಕು. ಆದ್ದರಿಂದ ಯಾವ ಕೆಲಸ ಮಾಡಬೇಕು ಎಂಬುದಕ್ಕಿಂತ ಯಾವ ಕೆಲಸವನ್ನು ಈಗ ತಡೆಯಬೇಕು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ದರಗು ಮತ್ತು ಮಂಗನ ಕಾಯಿಲೆ

ಬೆಟ್ಟದಿಂದ ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದು, ಅದನ್ನೇ ಗೊಬ್ಬರ ಮಾಡಿ ಅಡಿಕೆ ಬುಡಕ್ಕೆ ಹಾಕುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಒಣಗಿದೆಲೆ ಹೇರಳವಾಗಿ ಬೀಳುವುದು ಮಾಘ ಫಾಲ್ಗುಣದಲ್ಲೇ ಆದ್ದರಿಂದ ಕೆಲಸವೂ ಆಗಲೇ ನಡೆಯುತ್ತಿತ್ತು. ಇದರಲ್ಲಿ ಏನೂ ತಪ್ಪು ನಮಗೆ ಕಂಡಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಫಾಲ್ಗುಣದ ಒಂದು ಬೆಳಿಗ್ಗೆ ದರಗು ಗುಡಿಸಲು ಹೋದ ಹೆಂಗಸರು ಅರ್ಧ ಗಂಟೆಯಲ್ಲೇ ಬುಟ್ಟಿ ಬಿಟ್ಟು ಮನೆಗೆ ಬಂದರು. ‘ಅಮ್ಮಾ, ಹಲಸಿನ ಮರದ ಬುಡದಲ್ಲಿ ಒಂದು ಮುಸಿಯ ಸತ್ತು ಬಿದ್ದಿದೆ, ಮೈಮೇಲೆ ಗಾಯ ಒಂದೂ ಇಲ್ಲ’ ಎಂದರು. ಹಿಂದಿನ ದಿನ ಅದೇ ಜಾಗದಲ್ಲಿ ನಾವಿಬ್ಬರೂ ಕುಳಿತು ಊಟ ಮಾಡಿದ್ದೆವು. ಆಶಾ ಕಾರ್ಯಕರ್ತೆಗೆ ಫೋನು ಮಾಡಿದಾಗ ಆಕೆ ಕೇಳಿದ ಮೊದಲ ಪ್ರಶ್ನೆ, ‘ಯಾರಾದರೂ ಮುಟ್ಟಿದಿರಾ ಅಕ್ಕ?’ ಎಂದು. ಆರೋಗ್ಯ ಇಲಾಖೆಯವರು ಬಂದು ಪರೀಕ್ಷೆಗೆ ಬೇಕಾದ್ದನ್ನು ತೆಗೆದುಕೊಂಡು ಹೆಣವನ್ನು ಸುಟ್ಟರು. ಅಲ್ಲಿ ಓಡಾಡಿದ ಎಲ್ಲರ ಹೆಸರು ಬರೆದುಕೊಂಡು, ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಬರಬೇಕೆಂದು ಹೇಳಿ ಹೋದರು. ಮುಂದಿನ ಹತ್ತು ದಿನ ನಾವು ಬೆಳಿಗ್ಗೆ ಎದ್ದ ಕೂಡಲೇ ಒಬ್ಬರ ಹಣೆಯನ್ನು ಒಬ್ಬರು ಮುಟ್ಟಿ ನೋಡುತ್ತಿದ್ದೆವು. ಕೆಲಸದ ಹೆಂಗಸರ ಮನೆಗೆ ದಿನಾ ಸಂಜೆ ಹೋಗಿ ವಿಚಾರಿಸುತ್ತಿದ್ದೆವು. ಅವರಲ್ಲಿ ಒಬ್ಬಾಕೆಗೆ ಮೂರು ತಿಂಗಳ ಮೊಮ್ಮಗು ಇತ್ತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹತ್ತು ದಿನ ನಾವು ಮರೆಯುವಂಥವಲ್ಲ.

ಬಲ್ಲವರಿಗೆ ಇದು ಹೊಸದಲ್ಲವಾದರೂ ವಿಷಯವನ್ನು ಇನ್ನೊಮ್ಮೆ ಹೇಳುವುದು ಒಳ್ಳೆಯದು. ಈ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸೀಮೆಯಲ್ಲಿ. ಹೆಸರು ಮಂಗನದಾದರೂ ಮನುಷ್ಯನಿಗೆ ಹರಡುವುದು ಉಣುಗಿನಿಂದ. ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ಮರಿ ಉಣುಗುಗಳು ಮಳೆಗಾಲ ಕಳೆದು ಡಿಸೆಂಬರ್ ಹೊತ್ತಿಗೆ ದರಗಿನಲ್ಲಿ ಎದ್ದು, ಮೇ ತಿಂಗಳವರೆಗೂ ಇರುತ್ತವೆ. ಮಂಗ, ಮುಸಿಯ ಎರಡೂ ಇದರಿಂದ ಸಾಯುತ್ತವೆ. ಸತ್ತ ಮಂಗನ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ಎಲೆಯಲ್ಲಿ ಹರಡಿಕೊಳ್ಳುತ್ತವೆ. ಅಂಥ ಜಾಗದಲ್ಲಿ ದರಗು ಗುಡಿಸುವವರು, ಸೌದೆ ಆರಿಸುವವರು, ದನ ಕಾಯುವವರು ಕಾಯಿಲೆ ಬೀಳುತ್ತಾರೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆಸಿಡಿತ, ಸೊಂಟ ಮತ್ತು ಮೀನಖಂಡಗಳಲ್ಲಿ ವಿಪರೀತ ನೋವು ಬರುತ್ತವೆ. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ ಕಾಣಿಸುತ್ತದೆ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ಹರಡುವುದಿಲ್ಲ. ಆದ್ದರಿಂದ ಕಾಯಿಲೆಯವರ ಹತ್ತಿರ ಹೋಗಲು ಹೆದರಬೇಕಾದ್ದಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಇದಕ್ಕೆ ಬಲಿಯಾದರು. 2024ರ ಆರಂಭದಲ್ಲಿ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮತ್ತೆ ಕಾಣಿಸಿತು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿಬಿಟ್ಟರು. ಇದಕ್ಕೇ ಎಂದು ಬೇರೆ ಔಷಧವಿಲ್ಲ. ಬೇಗ ಆಸ್ಪತ್ರೆ ಸೇರಿದವರನ್ನು ಆರೈಕೆಯಿಂದ ಉಳಿಸಿಕೊಳ್ಳುತ್ತಾರೆ.

ಅಂದಿನಿಂದ ನಾವು ಬೇಸಿಗೆಯಲ್ಲಿ ದರಗು ತರುವುದನ್ನು ಬಿಟ್ಟೆವು. ಬದಲಿಗೆ ಮಳೆಗಾಲದಲ್ಲೇ ಹಸಿರು ಸೊಪ್ಪು ಕಡಿದು ಅಡಿಕೆ ಬುಡಕ್ಕೆ ಹಾಕುತ್ತೇವೆ. ಕೊಟ್ಟಿಗೆಗೆ ತೋಟದಲ್ಲೇ ಬಿದ್ದ ಸೋಗೆಯನ್ನು ಕೊಚ್ಚಿ ಹಾಸುತ್ತೇವೆ, ಸಿಕ್ಕಿದರೆ ಬತ್ತದ ಹುಲ್ಲು. ಗೊಬ್ಬರ ಸ್ವಲ್ಪ ಕಡಿಮೆಯಾಯಿತೆಂದು ಹೇಳಲೇಬೇಕು. ಕಾಫಿ ಸಿಪ್ಪೆಯನ್ನು ಚೆನ್ನಾಗಿ ಕೊಳೆಸಿ ಆ ಕೊರತೆ ತುಂಬಿಸಿಕೊಳ್ಳುತ್ತಿದ್ದೇವೆ. ಬೆಟ್ಟದಂಚಿನ ಬೆಂಕಿಗೆರೆಯನ್ನು ಸಹ ಈಗ ಫೆಬ್ರವರಿಗೆ ಇಟ್ಟುಕೊಳ್ಳುವುದಿಲ್ಲ. ದೀಪಾವಳಿ ಕಳೆದ ಕೂಡಲೇ ಕುರುಚಲು ಹಸಿಯಾಗಿರುವಾಗಲೇ ಕತ್ತಿಯಲ್ಲಿ ಸವರಿಬಿಟ್ಟರೆ ಆಮೇಲೆ ಒಂದು ಸಲ ಎಲೆ ಎಳೆದರೆ ಸಾಕು. ಹಾಗೆ ಎಳೆಯುವ ದಿನ ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗಿನ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಪ್ಯಾಂಟಿನ ತುದಿಯನ್ನು ಗಂಬೂಟಿನೊಳಗೆ ಸೇರಿಸಿಕೊಂಡು ಹೋಗುತ್ತೇವೆ. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ. ಕೆಲಸದವರಿಗೂ ಹಂಡೆಯ ನೀರು ಕಾದಿರಬೇಕು. ಇದು ಅವರ ಕೂಲಿಯಷ್ಟೇ ಮುಖ್ಯ ಎಂದು ನಮ್ಮ ಅಭಿಪ್ರಾಯ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಬೇಡಿ, ತಿಳಿಸಿ. ತೋಟಕ್ಕೆ ಆಳು ಬರುವುದಿಲ್ಲವೆಂದು ಹೆದರಿ ಮುಚ್ಚಿಟ್ಟವರನ್ನು ನಾವು ಕಂಡಿದ್ದೇವೆ.

ಎರಡು ಸಲಕ್ಕೆ ನೀರಿದ್ದರೆ ಒಂದು ಸಲ

ಈಗ ನೀರಿನ ವಿಷಯ. ಇಲ್ಲಿ ನಾವು ಮಾಡಿದ ತಪ್ಪು ದೊಡ್ಡದು. ಲೆಕ್ಕ ಸಮೇತ ಹೇಳುತ್ತೇವೆ.

ರೊಬಸ್ಟಕ್ಕೆ ಹೂ ಬಿಡಿಸಲು ಒಂದೂವರೆ ಇಂಚು ನೀರು ಬೇಕು. ಹೂವಾಗಿ ಹದಿನೈದು ಇಪ್ಪತ್ತು ದಿನಗಳೊಳಗೆ ಬ್ಯಾಕಿಂಗ್ ಎಂದು ಇನ್ನೊಂದು ಇಂಚು ಬೇಕು. ಮಳೆ ಬಂದರೆ ಸರಿ, ಇಲ್ಲದಿದ್ದರೆ ಸ್ಪ್ರಿಂಕ್ಲರ್. ಒಂದು ಎಕರೆಗೆ ಒಂದು ಇಂಚು ಎಂದರೆ ಎಷ್ಟು ನೀರು ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಲೆಕ್ಕ ಹಾಕಿ ನೋಡಿಲ್ಲ. ನಾವೂ ನೋಡಿರಲಿಲ್ಲ. ಅದು 3,630 ಘನ ಅಡಿ, ಅಂದರೆ ಸುಮಾರು 1,03,000 ಲೀಟರ್. ಹೂವಿನ ನೀರು ಎಕರೆಗೆ 1,54,000 ಲೀಟರ್ ಆಯಿತು. ಬ್ಯಾಕಿಂಗ್ ಸೇರಿದರೆ ಎರಡೂವರೆ ಲಕ್ಷ ಲೀಟರ್ ದಾಟುತ್ತದೆ.

ನಮ್ಮ ಕೆರೆ 60 ಅಡಿ ಉದ್ದ, 40 ಅಡಿ ಅಗಲ, ಸರಾಸರಿ 8 ಅಡಿ ಆಳ. ತುಂಬಿದಾಗ ಸುಮಾರು 5,40,000 ಲೀಟರ್ ಹಿಡಿಯುತ್ತದೆ. 2016ರ ಮಳೆಗಾಲ ಕೈಕೊಟ್ಟಿತ್ತೆಂಬುದು ತಮಗೆಲ್ಲ ನೆನಪಿದೆ. 2017ರ ಫೆಬ್ರವರಿಯಲ್ಲಿ ಹಳ್ಳದ ಹರಿವು ಬೆರಳು ಗಾತ್ರಕ್ಕೆ ಇಳಿದಿತ್ತು, ಆದರೆ ಕೆರೆ ತುಂಬಿತ್ತು. ನಮಗೆ ಧೈರ್ಯ. ಇಬ್ಬರೂ ರಾತ್ರಿ ಕರೆಂಟು ಬಂದಾಗೆಲ್ಲ ಎದ್ದು, ಒಬ್ಬರು ಮೋಟಾರಿನ ಹತ್ತಿರ ಒಬ್ಬರು ಜೆಟ್ಟಿನ ಹತ್ತಿರ ನಿಂತು ಎರಡೂವರೆ ಎಕರೆಗೂ ಹೊಡೆದೆವು. ಅಲ್ಲಿಗೆ 3,85,000 ಲೀಟರ್ ಹೋಯಿತು. ಹೂವು ಎಂದರೆ ಹೂವು! ತೋಟವೆಲ್ಲ ಬೆಳ್ಳಗೆ, ರಸ್ತೆಯಲ್ಲಿ ಹೋಗುವವರು ನಿಂತು ನೋಡುವಂತೆ. ಅಷ್ಟರಲ್ಲಿ ಹಳ್ಳ ಪೂರ್ತಿ ನಿಂತಿತು. ಅಡಿಕೆಗೆ ಮರಕ್ಕೆ 20 ಲೀಟರ್ ಎಂದರೂ ದಿನಕ್ಕೆ 16,000 ಲೀಟರ್. ಉಳಿದಿದ್ದ ಒಂದೂವರೆ ಲಕ್ಷ ಹತ್ತು ದಿನಕ್ಕೂ ಪೂರ್ತಿ ಸಾಲಲಿಲ್ಲ.

ಪಕ್ಕದ ತೋಟದ ಹಿರಿಯರೊಬ್ಬರು ಬಂದು ಕೆರೆಯ ದಂಡೆಯಲ್ಲಿ ನಿಂತು ಕೇಳಿದರು: ‘ಹೂ ನೋಡಿದ್ದಾಯ್ತು, ಕಾಯಿಗೆ ನೀರು ಎಲ್ಲಿ ಇಟ್ಟಿದ್ದೀರಿ?’ ನಮ್ಮಲ್ಲಿ ಉತ್ತರವಿರಲಿಲ್ಲ. ಬ್ಯಾಕಿಂಗ್ ಮಳೆ ಬರಲಿಲ್ಲ. ಎಳೆ ಮಿಡಿಗಳು ಕಪ್ಪಾಗಿ ಮುಟ್ಟಿದರೆ ಉದುರುತ್ತಿದ್ದವು. ಆ ವರ್ಷದ ರೊಬಸ್ಟ ಮೂಟೆ ಹಿಂದಿನ ವರ್ಷದ ಅರ್ಧಕ್ಕೂ ಬರಲಿಲ್ಲ.

ಇನ್ನೊಂದು ಸಂಗತಿ ಆ ಬೇಸಿಗೆಯಲ್ಲೇ ನಮ್ಮ ಗಮನಕ್ಕೆ ಬಂತು. ಕೆರೆಯಲ್ಲಿ ನೀರಿದ್ದಾಗ ಕಾಡುಹಂದಿಗಳು ದಂಡೆಯ ಕೆಸರಿನಲ್ಲಿ ಹೊರಳಿ ಹೋಗುತ್ತಿದ್ದವು. ಕೆರೆ ಬತ್ತಿದ ಮೇಲೆ ತೇವ ಉಳಿದದ್ದು ಅಡಿಕೆಯ ಬುಡದಲ್ಲಿ ಮಾತ್ರ. ಅವು ತೋಟಕ್ಕೇ ಇಳಿದು ಬಸಿಗಾಲುವೆಯ ದಂಡೆಗಳನ್ನೂ ಸಸಿಗಳ ಬುಡವನ್ನೂ ಉತ್ತು ಹಾಕಿದವು. ಹನಿ ನೀರಾವರಿಯ ಪೈಪನ್ನು ಅಳಿಲು ಇಲಿಗಳು ಹತ್ತಾರು ಕಡೆ ಕಡಿದವು. ಮಂಗಗಳು ಎಳೆ ಅಡಿಕೆಯನ್ನು ಚೀಪಿ ಎಸೆದದ್ದು ಬುಟ್ಟಿಗಟ್ಟಲೆ. ಮಂಗಗಳು ಬೇರೆ ವರ್ಷವೂ ಇದನ್ನು ಮಾಡುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಆ ವರ್ಷದಷ್ಟು ನಾವು ಕಂಡಿಲ್ಲ. ಕೆರೆಯ ತಳದಲ್ಲಿ ನೀರು ಬಿಟ್ಟರೆ ನಷ್ಟವೇ ನಿಲ್ಲುತ್ತದೆ ಎಂದು ನಮ್ಮ ವಾದವಲ್ಲ. ಕಡಿಮೆಯಾಗುತ್ತದೆ.

ಈಗ ನಮ್ಮ ನಿಯಮ ಒಂದೇ. ಎರಡು ಸಲ ಕೊಡಲು ನೀರಿದ್ದಷ್ಟು ಜಾಗಕ್ಕೆ ಮಾತ್ರ ಒಂದನೆಯ ಸಲ ಕೊಡುವುದು. ಒಂದೂಕಾಲು ಎಕರೆಗೆ ಎರಡೂ ನೀರು ಸೇರಿ 3,20,000 ಲೀಟರ್ ಆಗುತ್ತದೆ. ಉಳಿದ ಎರಡು ಲಕ್ಷ ಚಿಲ್ಲರೆಯಲ್ಲಿ ಹಳ್ಳ ನಿಂತಾಗ ಅಡಿಕೆಯ ಜೀವ ಹಿಡಿಯುವುದು, ಕಡೆಗೆ ಮೊಳ ನೀರನ್ನು ಮುಟ್ಟದೆ ಬಿಡುವುದು. ಇನ್ನುಳಿದ ಒಂದೂಕಾಲು ಎಕರೆ ರೊಬಸ್ಟ ಮಳೆಯ ಪಾಲಿಗೆ. ಮಾರ್ಚಿಯಲ್ಲಿ ಮಳೆ ಬಂದ ವರ್ಷ ಅದೂ ಬೆಳೆಯುತ್ತದೆ, ಬಾರದ ವರ್ಷ ಇಲ್ಲ. ಪ್ರತಿ ವರ್ಷ ಆ ಭಾಗವನ್ನು ಅದಲುಬದಲು ಮಾಡುತ್ತೇವೆ. ಪೂರ್ತಿ ತೋಟದ ಅರ್ಧ ಫಸಲಿಗಿಂತ ಅರ್ಧ ತೋಟದ ಪೂರ್ತಿ ಫಸಲು ಮೇಲು; ಕೊಯ್ಲಿನ ಕೂಲಿಯೂ ಉಳಿಯುತ್ತದೆ.

ಆಮೇಲೆ ನಾವು 30 ಅಡಿಗೆ 20 ಅಡಿಯ ಇನ್ನೊಂದು ಹೊಂಡ ತೋಡಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದೆವು. ಇಲ್ಲೂ ಒಂದು ಪಾಠವಾಯಿತು. ಮೊದಲನೆಯ ಬೇಸಿಗೆಯಲ್ಲೇ ನೀರು ಕುಡಿಯಲು ಇಳಿದ ಕಾಡುಕುರಿಯೊಂದು ಹಾಳೆಯ ಮೇಲೆ ಕಾಲೂರಲಾಗದೆ ರಾತ್ರಿಯೆಲ್ಲ ಈಜಿ ಸತ್ತಿತ್ತು. ಹಾಳೆಯ ತುಂಬ ಗೊರಸಿನ ಗೀರು. ಮನುಷ್ಯರ ಮಕ್ಕಳಿಗೂ ಅದೇ ಗತಿ ಎಂಬುದು ಆಗ ಹೊಳೆಯಿತು. ಅಡಿಕೆ ದಬ್ಬೆಗಳನ್ನು ಏಣಿಯಂತೆ ಅಡ್ಡಪಟ್ಟಿ ಹೊಡೆದು ಎರಡು ಮೂಲೆಗಳಲ್ಲಿ ಇಳಿಬಿಟ್ಟಿದ್ದೇವೆ, ಗಂಟು ಹಾಕಿದ ಹಗ್ಗವೊಂದು ಬೇರೆ. ಸುತ್ತ ಬೇಲಿಯೂ ಇದೆ. ಖರ್ಚು ಹೆಚ್ಚಿಲ್ಲ. ಬೇಲಿಗೆ ನೇರವಾಗಿ ಕರೆಂಟು ಕೊಡುವವರ ವಿಷಯ ಇಲ್ಲಿ ಬರೆಯುವುದಿಲ್ಲ, ಅದು ಅಪರಾಧ. ಆನೆಯ ವಿಷಯವೂ ಬೇರೆಯೇ; ಅದಕ್ಕೆ ಈ ಪುಟಗಳು ಸಾಲುವುದಿಲ್ಲ.

ಹೂವಿನ ಮೂರು ದಿನ

ನೀರು ಕೊಟ್ಟ ಅಥವಾ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಇಪ್ಪತ್ತು ಮೂವತ್ತು ಸೆಂಟು ಮಳೆಯಾದರೆ ಮೊಗ್ಗು ಅರ್ಧಕ್ಕೆ ಬಿಚ್ಚಿ ಕೆಡುವ ಭಯ. ಅಂಥ ದಿನ ನೀರಿದ್ದವರು ಕೂಡಲೇ ಜೆಟ್ ಹಚ್ಚಿ ಕೊರತೆಯನ್ನು ತುಂಬಬೇಕು. ಅರೇಬಿಕ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟ ಹಾಗಲ್ಲ. ಒಂದು ಗಿಡದ ಪರಾಗ ಅದೇ ಗಿಡಕ್ಕೆ ಹಿಡಿಯುವುದಿಲ್ಲ. ಬೇರೆ ಗಿಡದಿಂದಲೇ ಬರಬೇಕು. ತರುವುದು ಗಾಳಿ ಮತ್ತು ಜೇನು. ಗಾಳಿಯ ಮೇಲೆ ನಮ್ಮ ಅಧಿಕಾರ ನಡೆಯುವುದಿಲ್ಲ, ಜೇನಿನ ವಿಷಯದಲ್ಲಿ ಸ್ವಲ್ಪ ನಡೆಯುತ್ತದೆ.

ಹೂವಿನ ಕಾಲಕ್ಕೆ ಸರಿಯಾಗಿ ಹೆಜ್ಜೇನು ವಲಸೆ ಬಂದು ನಮ್ಮ ಗೋಳಿಮರದ ಎತ್ತರದ ಕೊಂಬೆಗಳಲ್ಲಿ ತಟ್ಟಿ ಕಟ್ಟುತ್ತದೆ. ಮಳೆಗಾಲಕ್ಕೆ ಮುಂಚೆ ಹೊರಟುಹೋಗುತ್ತದೆ. ಹಿಂದೆ ನಾವು ಹೆದರಿ ರಾತ್ರಿ ಪಂಜು ಹಿಡಿಸಿ ಓಡಿಸುತ್ತಿದ್ದೆವು. ಹೆದರುವುದು ತಪ್ಪಲ್ಲ, ಹೆಜ್ಜೇನು ಎದ್ದರೆ ಪ್ರಾಣಕ್ಕೇ ಸಂಚಕಾರ. ಈಗ ಆ ಮರದ ಕೆಳಗಿನ ಪಟ್ಟೆಯಲ್ಲಿ ಆ ದಿನಗಳಲ್ಲಿ ಕೆಲಸವನ್ನೇ ಇಡುವುದಿಲ್ಲ. ಹೊಗೆ ಹಾಕುವುದಿಲ್ಲ, ಕಳೆ ಕೊಚ್ಚುವ ಯಂತ್ರವನ್ನು ಆ ಕಡೆ ಒಯ್ಯುವುದಿಲ್ಲ. ಮೆಣಸಿನ ಏಣಿಯನ್ನು ತೋಟದ ಇನ್ನೊಂದು ತುದಿಯಿಂದ ಶುರುಮಾಡುತ್ತೇವೆ. ತುಡುವೆಯ ಎರಡು ಪೆಟ್ಟಿಗೆಗಳನ್ನೂ ಇಟ್ಟುಕೊಂಡಿದ್ದೇವೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಬಹುಪಾಲು ನಾಶವಾದಾಗ ಮಲೆನಾಡಿನಲ್ಲಿ ಪೆಟ್ಟಿಗೆಗಳೆಲ್ಲ ಖಾಲಿ ಬಿದ್ದವು. ಈಗ ಮತ್ತೆ ಚೇತರಿಸಿಕೊಂಡಿವೆ. ಗೋಡೆಯ ಬಿರುಕಿನಲ್ಲಿ ಗೂಡು ಮಾಡುವ ಸಣ್ಣ ಮಿಸರಿಯೂ ಹೂವಿಗೆ ಬರುತ್ತದೆ. ಆದ್ದರಿಂದ ಹಳೆಯ ಮಣ್ಣುಗೋಡೆಗೆ ಸಿಮೆಂಟು ಹಚ್ಚುವ ಮೊದಲು ಒಮ್ಮೆ ನೋಡಿಕೊಳ್ಳಿ.

ಹೂ ಅರಳಿದ ಎರಡು ಮೂರು ದಿನ ಸ್ಪ್ರಿಂಕ್ಲರ್ ಬೇಡ. ನೀರು ಬಿದ್ದರೆ ಪರಾಗ ಹಾಳು. ಯಾವ ಔಷಧವನ್ನೂ ಹೊಡೆಯಬೇಡಿ. ಕಾಫಿಗೆ ಮಾತ್ರವಲ್ಲ, ಆಗ ಹಿಂಗಾರ ಬಿಚ್ಚುತ್ತಿರುವ ಅಡಿಕೆಗೂ ಬೇಡ. ಒಂದೇ ಜೇನು ಎರಡಕ್ಕೂ ಹೋಗುತ್ತದೆ. ಹಿಂಗಾರದಲ್ಲಿ ಹುಳು ಕಂಡರೆ ಆ ಹಿಂಗಾರಕ್ಕೆ ಮಾತ್ರ ಮದ್ದು, ಅದೂ ಸಂಜೆ ಜೇನು ಗೂಡಿಗೆ ಮರಳಿದ ಮೇಲೆ.

ತಡೆಯಬಾರದ ಎರಡು ಕೆಲಸ

ಎಲ್ಲವನ್ನೂ ತಡೆಯಿರಿ ಎಂದು ಹೇಳಿದರೆ ತೋಟ ಹಾಳಾಗುತ್ತದೆ. ಅರೇಬಿಕದಲ್ಲಿ ಬಿಳಿ ಕಾಂಡಕೊರಕದ ಗಿಡ ಹುಡುಕುವುದನ್ನು ಮಾರ್ಚಿ ದಾಟಿಸಬಾರದು. ಎಲೆ ಹಳದಿ ತಿರುಗಿ, ಕಾಂಡದ ಮೇಲೆ ಉಬ್ಬಿದ ಗೆರೆ ಕಂಡ ಗಿಡವನ್ನು ಕಿತ್ತು ಸುಡಬೇಕು. ಏಪ್ರಿಲ್ ಮೇ ತಿಂಗಳಿಗೆ ದುಂಬಿ ಹೊರಗೆ ಬಂದು ಬೇರೆ ಗಿಡದ ಮೇಲೆ ಮೊಟ್ಟೆಯಿಟ್ಟರೆ ಕೆಲಸ ಹತ್ತರಷ್ಟಾಗುತ್ತದೆ. ಬಿಸಿಲಿಗೆ ತೆರೆದ ಗಿಡಕ್ಕೇ ಈ ಹುಳು ಹೆಚ್ಚು. ಹಾಗೆಂದೇ ಮರಗಸಿಯನ್ನು ನಾವು ಈಗ ಮಾಡಿಸುವುದಿಲ್ಲ. ಒಂದೆರಡು ಮಳೆ ಬಿದ್ದು ಮಿಡಿ ನಿಂತ ಮೇಲೆ, ಮುಂಗಾರಿಗೆ ಮುಂಚೆ.

ಎರಡನೆಯದು ಉದುರು ಕಾಯಿ ಆರಿಸುವುದು. ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ. ಈಗ ಅದಿಲ್ಲದ ಸೀಮೆಯನ್ನು ಹುಡುಕಬೇಕಾಗಿದೆ. ಗಿಡದಲ್ಲಿ, ಬುಡದಲ್ಲಿ ಉಳಿದ ಒಣಕಾಯಿಯೇ ಅದರ ಬೇಸಿಗೆಯ ಮನೆ. ಕಬ್ಬೆಕ್ಕು ಹಣ್ಣು ತಿಂದು ಬಂಡೆಗಳ ಮೇಲೆ ಬಿಟ್ಟುಹೋದ ಬೀಜವನ್ನೂ ನಮ್ಮ ಮನೆಯಲ್ಲಿ ಹಿಂದೆ ಆರಿಸಿ ತೊಳೆದು ಪುಡಿ ಮಾಡುತ್ತಿದ್ದರು. ಅದಕ್ಕೆ ಪೇಟೆಯಲ್ಲಿ ಈಗ ಚಿನ್ನದ ಬೆಲೆ ಎಂದು ಕೇಳಿದ್ದೇವೆ. ನಮಗೆ ಯಾರೂ ಕೊಟ್ಟಿಲ್ಲ.

ನಂದಿ ಮರ

ರೊಬಸ್ಟ ಪಟ್ಟೆಯ ತುದಿಯಲ್ಲಿ ಅರ್ಧ ಒಣಗಿದ ನಂದಿ ಮರವೊಂದಿದೆ. ಸೌದೆಗೂ ಆಗುತ್ತದೆ, ಬಿದ್ದರೆ ಗಿಡಗಳಿಗೆ ಅಪಾಯವೂ ಹೌದು ಎಂದು ಕಡಿಸಲು ತೀರ್ಮಾನಿಸಿದ್ದೆವು. ಅನುಮತಿಯ ಕಾಗದವೂ ಬಂದಿತ್ತು. ಕಳೆದ ವರ್ಷ ಫೆಬ್ರವರಿಯಲ್ಲಿ ಮರ ಕಡಿಯುವವರು ಗರಗಸದೊಂದಿಗೆ ಬಂದ ದಿನ, ಮಂಗಟ್ಟೆಯೊಂದು ಮತ್ತೆ ಮತ್ತೆ ಬಂದು ಕಾಂಡಕ್ಕೆ ಆತುಕೊಂಡು ಹಾರಿಹೋಗುತ್ತಿರುವುದನ್ನು ಕಂಡು ನಿಲ್ಲಿಸಿದೆವು. ಕೆಳಗಿನಿಂದ ನೋಡಿದರೆ ಪೊಟರೆಯ ಬಾಯಿ ಮೆತ್ತಿದಂತಿತ್ತು, ನಡುವೆ ಸೀಳಿನಷ್ಟು ಸಂದು. ಕೊಕ್ಕಿನ ತುದಿಯೊಂದು ಹೊರಗೆ ಬಂದು ಹಣ್ಣು ತೆಗೆದುಕೊಂಡು ಒಳಗೆ ಹೋಯಿತು.

ನಮ್ಮ ತೋಟಗಳಲ್ಲಿ ನಗುವಂತೆ ಕೂಗುವ ಬೂದುಬಣ್ಣದ ಈ ಚಿಕ್ಕ ಮಂಗಟ್ಟೆ ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಜನವರಿಯಿಂದ ಮೇವರೆಗೆ ಇದರ ಮರಿಯ ಕಾಲ. ಹೆಣ್ಣು ಪೊಟರೆ ಹೊಕ್ಕು ಬಾಯಿ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗಳಿಗೂ ಗಂಡು ತಂದ ಹಣ್ಣೇ ಆಹಾರ. ಗಂಡಿಗೆ ಏನಾದರೂ ಆದರೆ, ಅಥವಾ ಅದು ಹೆದರಿ ಬರುವುದನ್ನು ಬಿಟ್ಟರೆ ಒಳಗಿನವುಗಳ ಗತಿ ಹೇಳಬೇಕಾದ್ದಿಲ್ಲ. ಇದಕ್ಕೆ ಪೊಟರೆ ಕೊರೆಯಲು ಬಾರದು. ಹಳೆಯ ಮರದ ಪೊಟರೆಯೇ ಬೇಕು. ಅತ್ತಿ, ಬಸರಿ, ಗೋಣಿ ಬೀಜಗಳನ್ನು ಬಿತ್ತುವವರಲ್ಲಿ ಇದೂ ಒಂದು. ನೆರಳಿಗೆ ನಾವು ನೆಡದೆ ಬೆಳೆದ ಮರಗಳೆಷ್ಟು ಎಂದು ತೋಟದಲ್ಲಿ ಒಮ್ಮೆ ಎಣಿಸಿ ನೋಡಬಹುದು. ಕುಟ್ರು ಹಕ್ಕಿಯೂ ಇದೇ ಕಾಲದಲ್ಲಿ ಒಣಗಿದ ಕೊಂಬೆಗಳಲ್ಲಿ ತೂತು ಕೊರೆದು ಗೂಡು ಮಾಡುತ್ತದೆ. ಆದ್ದರಿಂದ ಒಣಮರ, ಒಣಕೊಂಬೆ ಕಡಿಯುವ ಕೆಲಸವನ್ನು ನವೆಂಬರ್ ಡಿಸೆಂಬರಿಗೆ ಹಾಕಿಕೊಂಡರೆ ಯಾರಿಗೂ ತೊಂದರೆಯಿಲ್ಲ, ಸೌದೆಯೂ ಬೇಸಿಗೆಯಲ್ಲಿ ಚೆನ್ನಾಗಿ ಒಣಗುತ್ತದೆ.

ಗರಗಸದವರಿಗೆ ಅರ್ಧ ದಿನದ ಕೂಲಿ ಕೊಟ್ಟು ಕಳುಹಿಸಿದೆವು. ಅವರು ನಗುತ್ತಾ ಹೋದರು. ಮೇ ತಿಂಗಳಲ್ಲಿ ಒಂದು ದಿನ ಪೊಟರೆಯ ಬಾಯಿ ಒಡೆದಿತ್ತು. ಎಷ್ಟು ಮರಿ ಹಾರಿದವೋ ನಾವು ಕಾಣಲಿಲ್ಲ. ಡಿಸೆಂಬರಿನಲ್ಲಿ ಕಡಿಸಬಹುದಿತ್ತು; ಇಬ್ಬರೂ ಆ ಮಾತೆತ್ತಲಿಲ್ಲ. ಒಲವು ಬಿದ್ದಿದ್ದ ಎರಡು ಒಣಕೊಂಬೆಗಳನ್ನು ಮಾತ್ರ ಇಳಿಸಿದೆವು. ಈ ಜನವರಿಯಲ್ಲಿ ಗಂಡು ಮತ್ತೆ ಬಂದು ಅದೇ ಪೊಟರೆಯನ್ನು ಇಣುಕುತ್ತಿತ್ತು.

ಇದನ್ನು ಬರೆಯುತ್ತಿರುವ ಹೊತ್ತಿಗೆ ಒಂದೂಕಾಲು ಎಕರೆಯ ಹೂ ಉದುರಿ ಹನ್ನೊಂದು ದಿನವಾಗಿದೆ. ಕೆರೆಯಲ್ಲಿ ಐದಡಿಗೆ ಸ್ವಲ್ಪ ಮೇಲೆ ನೀರಿದೆ, ಹಳ್ಳ ಇನ್ನೂ ಹರಿಯುತ್ತಿದೆ. ನಿನ್ನೆ ಸಂಜೆ ಶೃಂಗೇರಿ ದಿಕ್ಕಿನಲ್ಲಿ ಮಿಂಚಿತು, ಮಳೆ ಬರಲಿಲ್ಲ. ನಾಡಿದ್ದು ಪೈಪು ಜೋಡಿಸುತ್ತೇವೆ.